ಅಕ್ಷರವೋ ಆಕಾರವೋ: ಕನ್ನಡ ಅಧ್ಯಾಪಕರ ಗಣಕ ತರಬೇತಿಯ ಇತಿಹಾಸದಲ್ಲಿ ಕೇಳದೆ ಉಳಿದ ಪ್ರಶ್ನೆ

ವಿಶ್ವವಿದ್ಯಾಲಯದ ಅಧ್ಯಾಪಕರಿಗೆ ಬೋಧನ ತಂತ್ರಜ್ಞಾನದಲ್ಲಿ ನೆರವು ನೀಡಿದ ಪ್ರಯತ್ನಗಳ ಇತಿಹಾಸವನ್ನು ನಮ್ಮಲ್ಲಿ ಬಹುಮಟ್ಟಿಗೆ ಉಪಕರಣಗಳ ಇತಿಹಾಸವಾಗಿಯೇ ಬರೆಯಲಾಗಿದೆ. ಯಾವ ವರ್ಷ ಉಪಗ್ರಹದ ಪಾಠ ಬಂತು, ಯಾವ ಯೋಜನೆಯಲ್ಲಿ ಗಣಕಯಂತ್ರಗಳು ಬಂದವು, ಎಷ್ಟು ದಿನಗಳ ತರಬೇತಿ ನಡೆಯಿತು ಎಂಬ ಕ್ರಮದಲ್ಲಿ ಅದು ಸಾಗುತ್ತದೆ. ಈ ಲೇಖನ ಎತ್ತುವ ಪ್ರಶ್ನೆ ಅದಕ್ಕಿಂತ ಚಿಕ್ಕದು. ಕನ್ನಡದಲ್ಲಿ ಪಾಠ ಹೇಳುವ ಅಧ್ಯಾಪಕರೊಬ್ಬರು ತಮ್ಮ ಟಿಪ್ಪಣಿಯನ್ನು ಗಣಕದಲ್ಲಿ ಬೆರಳಚ್ಚು ಮಾಡಿ ಉಳಿಸಿದಾಗ ಅಲ್ಲಿ ಉಳಿದದ್ದು ಏನು? ಅಕ್ಷರವೇ, ಅಕ್ಷರದ ಆಕಾರವೇ? ತರಬೇತಿಯ ಯಾವ ಹಂತದಲ್ಲಿಯೂ ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಿದಂತೆ ತೋರುವುದಿಲ್ಲ. ಕೇಳಬೇಕಾಗಿದ್ದವರು ಭಾಷಾವಿಜ್ಞಾನಿಗಳು. ಲಿಪಿಯ ಘಟಕ ಯಾವುದು, ಅದರ ರೂಪಭೇದ ಯಾವುದು ಎಂದು ಬೇರ್ಪಡಿಸುವ ಪರಿಭಾಷೆ ಇದ್ದದ್ದು ನಮ್ಮ ಬಳಿಯೇ.

ತರಬೇತಿಯ ಚೌಕಟ್ಟು

ವಿಶ್ವವಿದ್ಯಾಲಯ ಅನುದಾನ ಆಯೋಗವು 1984ರ ಆಗಸ್ಟ್‌ನಲ್ಲಿ ಇನ್‌ಸ್ಯಾಟ್-1ಬಿ ಉಪಗ್ರಹದ ಮೂಲಕ ದೂರದರ್ಶನದಲ್ಲಿ ದೇಶವ್ಯಾಪಿ ತರಗತಿಯನ್ನು ಆರಂಭಿಸಿತು. ಅದು ಇಂಗ್ಲಿಷಿನಲ್ಲಿತ್ತು, ಅದರಲ್ಲಿ ಅಧ್ಯಾಪಕ ಒಂದೋ ಪರದೆಯ ಮೇಲಿನ ಮುಖ, ಇಲ್ಲವೇ ವಿದ್ಯಾರ್ಥಿಗಳ ಹಿಂದೆ ನಿಂತ ಪ್ರೇಕ್ಷಕ. ಅಧ್ಯಾಪಕನನ್ನೇ ಕಲಿಯುವವನನ್ನಾಗಿ ಕಂಡ ವ್ಯವಸ್ಥೆ ಬಂದದ್ದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ. ಆ ನೀತಿಯಂತೆ 1987ರಿಂದ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಸ್ಥಾಪನೆಯಾದವು. ಕರ್ನಾಟಕದಲ್ಲಿ ಮೈಸೂರು, ಬೆಂಗಳೂರು ಮತ್ತು ಧಾರವಾಡದ ವಿಶ್ವವಿದ್ಯಾಲಯಗಳು ಇವಕ್ಕೆ ನೆಲೆಯಾದವು. ಹೊಸದಾಗಿ ಸೇರಿದವರಿಗೆ ನಾಲ್ಕು ವಾರಗಳ ಅಭಿವಿನ್ಯಾಸ ಶಿಬಿರ, ಅನುಭವಿಗಳಿಗೆ ಮೂರು ವಾರಗಳ ಪುನಶ್ಚೇತನ ಶಿಬಿರ. ಎರಡೂ ವೃತ್ತಿ ಬಡ್ತಿಗೆ ಕಡ್ಡಾಯ. ಬಡ್ತಿಯೊಂದಿಗೆ ಕಟ್ಟಿದ್ದರಿಂದ ಹಾಜರಾತಿಗೆ ಕೊರತೆಯಾಗಲಿಲ್ಲ. ಕುತೂಹಲದ ವಿಷಯದಲ್ಲಿ ಹಾಗೆ ಹೇಳುವುದು ಕಷ್ಟ.

ಅಭಿವಿನ್ಯಾಸ ಶಿಬಿರಕ್ಕೆ ಆಯೋಗ ಹಾಕಿಕೊಟ್ಟ ನಾಲ್ಕು ಘಟಕಗಳಲ್ಲಿ ಒಂದು ಸಂಪನ್ಮೂಲಗಳ ಪರಿಚಯ ಮತ್ತು ಜ್ಞಾನಸೃಷ್ಟಿಗೆ ಸಂಬಂಧಿಸಿದ್ದು. ಗಣಕಯಂತ್ರ ಪ್ರವೇಶಿಸಿದ್ದು ಈ ಬಾಗಿಲಿನಿಂದ, ಗ್ರಂಥಾಲಯದ ಪಕ್ಕದಲ್ಲಿ ಇನ್ನೊಂದು ಸಂಪನ್ಮೂಲವಾಗಿ. ಈ ವರ್ಗೀಕರಣ ನಿರುಪದ್ರವಿಯಾಗಿ ಕಾಣುತ್ತದೆ. ಆದರೆ ಅದರೊಳಗೆ ಒಂದು ಗೃಹೀತವಿತ್ತು: ಗಣಕವು ಬರೆದದ್ದನ್ನು ಹೊರುವ ವಾಹನ, ಬರೆಹದ ಸ್ವರೂಪವನ್ನು ಅದು ಮುಟ್ಟುವುದಿಲ್ಲ. ಇಂಗ್ಲಿಷಿನ ಮಟ್ಟಿಗೆ ಈ ಗೃಹೀತ ಹೆಚ್ಚು ತೊಂದರೆ ಕೊಡಲಿಲ್ಲ. ಅಲ್ಲಿ ಒಂದು ಕೀಲಿ, ಒಂದು ಅಕ್ಷರ, ಒಂದು ಸಂಕೇತ ಎಂಬ ಸಮೀಕರಣ ಬಹುತೇಕ ನಿಲ್ಲುತ್ತದೆ. ಕನ್ನಡದಲ್ಲಿ ಈ ಮೂರೂ ಬೇರೆ ಬೇರೆ.

ಒಂದೇ ಊರಿನ ಎರಡು ದಾರಿಗಳು

ಭಾರತೀಯ ಲಿಪಿಗಳನ್ನು ಗಣಕಕ್ಕೆ ತರುವ ಎರಡು ದಾರಿಗಳು 1980ರ ದಶಕದಲ್ಲಿಯೇ ಕವಲೊಡೆದಿದ್ದವು. ಕಾನ್ಪುರದ ಐಐಟಿಯಲ್ಲಿ ಆರಂಭವಾಗಿ, 1988ರಲ್ಲಿ ಹುಟ್ಟಿದ ಪುಣೆಯ ಸಿ-ಡ್ಯಾಕ್‌ನಲ್ಲಿ ಮುಂದುವರಿದ ಜಿಸ್ಟ್ ಕಾರ್ಯ ಒಂದು ದಾರಿ. ಅದರ ಫಲವಾದ ಇಸ್ಕಿ ಸಂಕೇತ ವ್ಯವಸ್ಥೆಯನ್ನು ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಮಾನಕವಾಗಿ ಪ್ರಕಟಿಸಿತು. ಬ್ರಾಹ್ಮಿಯಿಂದ ಬಂದ ಲಿಪಿಗಳೆಲ್ಲವೂ ಒಂದೇ ವರ್ಣಮಾಲೆಯ ಬೇರೆ ಬೇರೆ ಉಡುಗೆಗಳು ಎಂಬುದು ಅದರ ನೆಲೆಗಟ್ಟು: ಕಕಾರಕ್ಕೆ ಎಲ್ಲ ಭಾಷೆಗಳಲ್ಲಿಯೂ ಒಂದೇ ಸಂಖ್ಯೆ, ಪರದೆಯ ಮೇಲೆ ಅದು ಹೇಗೆ ಕಾಣಬೇಕೆಂಬುದು ಬೇರೆ ವಿಚಾರ. ಭಾಷಾವಿಜ್ಞಾನದ ಮಾತಿನಲ್ಲಿ ಹೇಳುವುದಾದರೆ ಇಸ್ಕಿ ಉಳಿಸಿದ್ದು ಲಿಪಿಮಾವನ್ನು. ಅದರ ಉಪರೂಪಗಳನ್ನು ಸಂದರ್ಭವೇ ನಿರ್ಧರಿಸುತ್ತಿತ್ತು.

ಇನ್ನೊಂದು ದಾರಿ ಫಾಂಟಿನದು. ಪುಟವಿನ್ಯಾಸ ಮಾಡುವವರಿಗೆ ಜಿಸ್ಟ್ ಕಾರ್ಡಿನಂಥ ಹೆಚ್ಚುವರಿ ಯಂತ್ರಾಂಶ ಬೇಕಿರಲಿಲ್ಲ, ಮಾರುಕಟ್ಟೆಯ ಪುಟವಿನ್ಯಾಸ ತಂತ್ರಾಂಶಗಳಿಗೆ ಇಸ್ಕಿ ತಿಳಿಯುತ್ತಲೂ ಇರಲಿಲ್ಲ. ಆದ್ದರಿಂದ ಲ್ಯಾಟಿನ್ ಅಕ್ಷರಗಳಿಗೆ ಮೀಸಲಾದ 256 ಸ್ಥಾನಗಳಲ್ಲಿ ಕನ್ನಡದ ಆಕಾರಗಳ ತುಂಡುಗಳನ್ನು ಕೂರಿಸಲಾಯಿತು. ಬೆರಳಚ್ಚು ಯಂತ್ರದ ತರ್ಕವೇ ಇದು: ಅಕ್ಷರವನ್ನು ಬಿಡಿಭಾಗಗಳಾಗಿ ಒಡೆದು ಕಾಗದದ ಮೇಲೆ ಜೋಡಿಸುವುದು. ಯಂತ್ರಕ್ಕೆ ತಾನು ಬರೆಯುತ್ತಿರುವುದು ಇಂಗ್ಲಿಷ್ ಎಂದೇ ತಿಳಿದಿರುತ್ತಿತ್ತು. ಓದುವ ಕಣ್ಣಿಗೆ ಮಾತ್ರ ಅದು ಕನ್ನಡ. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಮೊದಲಾದ ತಂತ್ರಾಂಶಗಳು ಈ ತುಂಡುಗಳನ್ನು ತಮ್ಮ ತಮ್ಮ ಕ್ರಮದಲ್ಲಿ ಜೋಡಿಸಿದ್ದವು. ಹಾಗಾಗಿ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಓದಲಾಗುತ್ತಿರಲಿಲ್ಲ. ಆಕಾರಗಳ ಕ್ರಮಕ್ಕೆ ರಾಜ್ಯ ಸರ್ಕಾರ ಒಂದು ಸಾಮಾನ್ಯ ಮಾನಕವನ್ನು ಒಪ್ಪಿಕೊಂಡದ್ದು, ಕನ್ನಡ ಗಣಕ ಪರಿಷತ್ತು ಅದನ್ನು ಅನುಸರಿಸಿ ನುಡಿ ತಂತ್ರಾಂಶವನ್ನು ಉಚಿತವಾಗಿ ಕೊಟ್ಟದ್ದು ಈ ಅರಾಜಕತೆಗೆ ಉತ್ತರವಾಗಿ. ಅದಕ್ಕೂ ಮೊದಲು, 1998ರ ಜನವರಿಯಲ್ಲಿ, ಶೇಷಾದ್ರಿವಾಸು ಅವರ ಬರಹ ಹೊರಬಂದಿತ್ತು. ಇಂದಿನ ನೆಲೆಯಿಂದ ಹಿಂದಿರುಗಿ ನೋಡಿ ಈ ತಂತ್ರಾಂಶಗಳನ್ನು ಹಳಿಯುವುದು ಸುಲಭ, ನ್ಯಾಯವಲ್ಲ. ಕನ್ನಡ ಅಧ್ಯಾಪಕರ ಒಂದು ಇಡೀ ತಲೆಮಾರು ಗಣಕದಲ್ಲಿ ಮೊದಲ ಕನ್ನಡ ವಾಕ್ಯ ಬರೆದದ್ದು ಇವುಗಳಿಂದ.

ಇದೇ ಅವಧಿಯಲ್ಲಿ ಮೈಸೂರಿನಲ್ಲಿ ಇನ್ನೊಂದು ಕೆಲಸ ನಡೆದಿತ್ತು. 1969ರಲ್ಲಿ ಸ್ಥಾಪಿತವಾದ ಭಾರತೀಯ ಭಾಷಾ ಸಂಸ್ಥಾನವು 1990ರ ದಶಕದಲ್ಲಿ, ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯ ಯೋಜನೆಯಡಿ, ದಕ್ಷಿಣದ ನಾಲ್ಕು ಪ್ರಮುಖ ಭಾಷೆಗಳ ಪಠ್ಯಕೋಶಗಳನ್ನು ಸಿದ್ಧಪಡಿಸಿತು. ಪ್ರತಿ ಭಾಷೆಗೆ ಸುಮಾರು 30 ಲಕ್ಷ ಪದಗಳ ಗುರಿಯಿದ್ದ ಆ ಪಠ್ಯಕೋಶ ನಿಂತದ್ದು ಇಸ್ಕಿ ಸಂಕೇತದ ಮೇಲೆ. ಪದಗಳನ್ನು ಎಣಿಸುವ, ವಿಂಗಡಿಸುವ, ಪ್ರತ್ಯಯಗಳನ್ನು ಹುಡುಕುವ ಉದ್ದೇಶವುಳ್ಳವರಿಗೆ ಆಕಾರಗಳ ರಾಶಿಯಿಂದ ಪ್ರಯೋಜನವಿಲ್ಲ ಎಂಬುದು ಆ ಯೋಜನೆಯಲ್ಲಿದ್ದವರಿಗೆ ತಿಳಿದೇ ಇತ್ತು. ಮಾನಸಗಂಗೋತ್ರಿಯ ಆವರಣಕ್ಕೆ ಹೊಂದಿಕೊಂಡಿರುವ ಆ ಸಂಸ್ಥೆಯಿಂದ ವಿಶ್ವವಿದ್ಯಾಲಯದ ತರಗತಿಗಳಿಗೆ ನಡೆದೇ ಹೋಗಬಹುದು. ಆದರೂ ಒಂದು ಕಡೆಯ ತಿಳಿವಳಿಕೆ ಇನ್ನೊಂದು ಕಡೆಯ ಅಧ್ಯಾಪಕರ ಮೇಜಿಗೆ ದಾಟಲಿಲ್ಲ. ಪಠ್ಯಕೋಶ ಸಂಶೋಧನೆ ಎನಿಸಿಕೊಂಡಿತು, ಬೆರಳಚ್ಚು ಕೌಶಲ ಎನಿಸಿಕೊಂಡಿತು. ಕೌಶಲಕ್ಕೆ ಸಿದ್ಧಾಂತ ಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಏಳು ತುಂಡುಗಳ ‘ಕನ್ನಡ’

ಇಲ್ಲಿ ಉದಾಹರಣೆಯೊಂದನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳಿತು. ನುಡಿ ತಂತ್ರಾಂಶದ ಹಳೆಯ ಸಂಕೇತದಲ್ಲಿ ‘ಕನ್ನಡ’ ಎಂಬ ಪದ ಏಳು ಸ್ಥಾನಗಳನ್ನು ಹಿಡಿಯುತ್ತದೆ. ಕಕಾರದ ಬುಡ ಇರುವುದು ಲ್ಯಾಟಿನ್ನಿನ ದೊಡ್ಡ ‘ಪಿ’ ಅಕ್ಷರದ ಸ್ಥಾನದಲ್ಲಿ. ನಂತರ ತಲೆಕಟ್ಟು. ನಕಾರದ ಬುಡ ಬ್ರಿಟಿಷ್ ಪೌಂಡ್ ಚಿಹ್ನೆಯ ಸ್ಥಾನದಲ್ಲಿ, ಮತ್ತೆ ತಲೆಕಟ್ಟು. ನಕಾರದ ಒತ್ತು ಜರ್ಮನ್ನಿನ ಜೋಡಿ ‘ಎಸ್’ ಅಕ್ಷರದ ಸ್ಥಾನದಲ್ಲಿ. ಡಕಾರದ ಬುಡ ಚಿಕ್ಕ ‘ಕ್ಯು’ ಸ್ಥಾನದಲ್ಲಿ, ಕೊನೆಗೆ ಇನ್ನೊಂದು ತಲೆಕಟ್ಟು. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದಾಗ ಕಾಣಿಸುವ ವಿಚಿತ್ರ ಲ್ಯಾಟಿನ್ ಸಾಲು ಇದೇ.

ಈ ಪದದ ಧ್ವನಿಮಾಗಳೂ ಏಳು: ಕ್, ಅ, ನ್, ನ್, ಅ, ಡ್, ಅ. ಸಂಖ್ಯೆ ಹೊಂದಿದ್ದು ಆಕಸ್ಮಿಕ. ಕ್ರಮವನ್ನು ನೋಡಿದರೆ ಅಂತರ ತಿಳಿಯುತ್ತದೆ. ಎರಡನೆಯ ಅಕಾರ ನಾಲಿಗೆಗೆ ಬರುವುದು ದ್ವಿತ್ವದ ನಂತರ. ಆಕಾರದ ಸಂಕೇತದಲ್ಲಿ ಅದು ಒತ್ತಕ್ಷರಕ್ಕೆ ಮೊದಲೇ ಕೂತಿದೆ, ಏಕೆಂದರೆ ಬರೆಯುವ ಕೈ ಮೊದಲು ತಲೆಕಟ್ಟು ಹಾಕಿ ಆಮೇಲೆ ಒತ್ತು ಕೊಡುತ್ತದೆ. ಇಸ್ಕಿಯ ಹಾದಿಯಲ್ಲೇ ಬಂದ ಯುನಿಕೋಡಿನಲ್ಲಿ ಇದೇ ಪದ ಐದು ಸಂಕೇತಗಳದು: ಕ, ನ, ವಿರಾಮ ಚಿಹ್ನೆ, ನ, ಡ. ಅಲ್ಲಿ ವ್ಯಂಜನದೊಳಗೆ ಅಕಾರ ಅಂತರ್ಗತ, ಅದರ ಲೋಪಕ್ಕೆ ಮಾತ್ರ ಗುರುತು.

‘ಧರ್ಮ’ ಇನ್ನೂ ಸ್ವಾರಸ್ಯಕರವಾದದ್ದು. ಆಕಾರದ ಸಂಕೇತದಲ್ಲಿ ಮೊದಲು ದಕಾರದ ಬುಡ, ಆಮೇಲೆ ಮಹಾಪ್ರಾಣವನ್ನು ತೋರುವ ಕೆಳಗಿನ ಸೀಳುಗೆರೆ, ತಲೆಕಟ್ಟು. ಅನಂತರ ವಕಾರದ ಬುಡ, ತಲೆಕಟ್ಟು, ಕೊಂಬು. ಎಲ್ಲಕ್ಕೂ ಕೊನೆಯಲ್ಲಿ ಅರ್ಕಾವೊತ್ತು. ಮಹಾಪ್ರಾಣತ್ವ ಒಂದು ಪ್ರತ್ಯೇಕ ಲಕ್ಷಣವಾಗಿ ದಾಖಲಾಗಿರುವುದನ್ನು ಕಂಡು ಧ್ವನಿಮಾಶಾಸ್ತ್ರದ ವಿದ್ಯಾರ್ಥಿ ಹಿಗ್ಗಬಹುದು. ಆದರೆ ಖಕಾರ ಘಕಾರಗಳಲ್ಲಿ ಆ ಗೆರೆಯೇ ಇಲ್ಲವಾದ್ದರಿಂದ ಹಿಗ್ಗು ಬೇಗ ಇಳಿಯುತ್ತದೆ. ಮಕಾರಕ್ಕೆ ಸ್ವಂತ ಅಸ್ತಿತ್ವವೇ ಇಲ್ಲ. ಅದು ವಕಾರಕ್ಕೆ ಕೊಂಬು ತಗುಲಿಸಿದ ರೂಪ. ಆದ್ದರಿಂದ ಕಡತವೊಂದರಲ್ಲಿ ‘ಅವ’ ಎಂದು ಹುಡುಕಿದರೆ ‘ಅಮ್ಮ’ನೂ ಸಿಗುತ್ತಾಳೆ. ಯಕಾರ ಆರಂಭವಾಗುವುದು ಅನುಸ್ವಾರದ ಸಂಕೇತದಿಂದ. ಸಾಮಾನ್ಯ ತಂತ್ರಾಂಶವೊಂದು ಸಂಕೇತ ಸಂಖ್ಯೆಯ ಕ್ರಮದಲ್ಲಿ ಪದಗಳನ್ನು ವಿಂಗಡಿಸಿದರೆ ‘ಯಾವ’ ಎಂಬುದು ‘ಅವನು’ ಎಂಬುದಕ್ಕಿಂತ ಮೊದಲು ಬರುತ್ತದೆ, ರಕಾರದ ಪದಗಳು ದಕಾರದ ಪದಗಳನ್ನು ಹಿಂದಿಕ್ಕುತ್ತವೆ. ನಿಘಂಟು ಕಲಿಸುವ ಅಧ್ಯಾಪಕನಿಗೆ ಇದು ಸಣ್ಣ ಅನನುಕೂಲವಲ್ಲ.

ಕೀಲಿಮಣೆಯ ಕಡೆಯಿಂದ ನೋಡಿದಾಗ ಈ ಕತೆಯ ವ್ಯಂಗ್ಯ ಇನ್ನಷ್ಟು ಸ್ಪಷ್ಟವಾಗುತ್ತದೆ. ನುಡಿಯಲ್ಲಿ ಬಳಕೆಯಾದದ್ದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಅದು ಧ್ವನಿಯನ್ನು ಆಧರಿಸಿದ್ದು. ಸ್ವರಕ್ಕೆ ಒಂದೇ ಕೀಲಿ. ಪದದ ಆದಿಯಲ್ಲಿ ಅದು ಸ್ವರಾಕ್ಷರವಾಗುತ್ತದೆ, ವ್ಯಂಜನದ ನಂತರ ಗುಣಿತದ ಚಿಹ್ನೆಯಾಗುತ್ತದೆ. ಸಂಯುಕ್ತಾಕ್ಷರ ಬೇಕಾದರೆ ವ್ಯಂಜನ, ಸ್ವರಲೋಪದ ಕೀಲಿ, ಇನ್ನೊಂದು ವ್ಯಂಜನ. ಯಾವುದು ಒತ್ತಾಗಬೇಕು, ಯಾವುದು ಅರ್ಕಾವೊತ್ತಾಗಬೇಕು ಎಂಬ ಚಿಂತೆ ಬರೆಯುವವರಿಗಿಲ್ಲ. ಸ್ವರಾಕ್ಷರ ಮತ್ತು ಗುಣಿತಚಿಹ್ನೆಗಳು ಒಂದೇ ಘಟಕದ ಪೂರಕ ವಿತರಣೆಯ ರೂಪಗಳು ಎಂಬ ವಿಶ್ಲೇಷಣೆ, ನಾವು ಸ್ನಾತಕೋತ್ತರ ತರಗತಿಯ ಮೊದಲ ಅರ್ಧವರ್ಷದಲ್ಲಿ ಕಲಿಸುವಂಥದ್ದು, ಆ ಕೀಲಿಮಣೆಯಲ್ಲಿ ಸಾಕಾರಗೊಂಡಿತ್ತು. ಹೀಗೆ ಬೆರಳಿನಿಂದ ಒಳಗೆ ಹೋದದ್ದು ಧ್ವನಿಯ ಕ್ರಮ, ಕಡತದಲ್ಲಿ ಉಳಿದದ್ದು ಆಕಾರದ ಕ್ರಮ. ಒಳಹೋಗುವ ಕ್ಷಣದಲ್ಲಿದ್ದ ವಿಶ್ಲೇಷಣೆ ಉಳಿಸುವ ಕ್ಷಣದಲ್ಲಿ ಅಳಿಸಿಹೋಗುತ್ತಿತ್ತು. ಕಿವಿಯ ಅಕ್ಷರ, ಕಣ್ಣಿನ ಅಕ್ಷರ ಎಂಬ ಭೇದ ನಮ್ಮ ಪರಂಪರೆಗೆ ಹೊಸತೇನೂ ಅಲ್ಲ; ಶ್ರಾವಣ, ಚಾಕ್ಷುಷ ಎಂಬ ಪದಗಳು ಹಳಗನ್ನಡ ವ್ಯಾಕರಣ ಓದಿದವರಿಗೆ ಪರಿಚಿತವೇ. ಗಣಕದ ಮುಂದೆ ಕುಳಿತಾಗ ಮಾತ್ರ ಅವು ನೆನಪಿಗೆ ಬರಲಿಲ್ಲ.

ಶಿಬಿರದ ಮಧ್ಯಾಹ್ನಗಳು

2010ರ ದಶಕದ ಉತ್ತರಾರ್ಧದಲ್ಲಿ ನಾನು ಭಾಗವಹಿಸಿದ ಪುನಶ್ಚೇತನ ಶಿಬಿರವೊಂದರಲ್ಲಿ ಗಣಕ ಪ್ರಯೋಗಾಲಯದ ಅವಧಿಗಳು ಊಟದ ನಂತರ ಇರುತ್ತಿದ್ದವು. ಪ್ರದರ್ಶಿಕೆ ತಯಾರಿಸುವುದು, ಅಂಕಪಟ್ಟಿ ಮಾಡುವುದು, ಅಂತರ್ಜಾಲದಲ್ಲಿ ಲೇಖನ ಹುಡುಕುವುದು ಪಠ್ಯದಲ್ಲಿದ್ದವು. ಹೇಳಿಕೊಟ್ಟವರು ಗಣಕ ವಿಜ್ಞಾನದ ಅಧ್ಯಾಪಕರು, ಉದಾಹರಣೆಗಳು ಇಂಗ್ಲಿಷಿನವು. ಕನ್ನಡದಲ್ಲಿ ಪ್ರದರ್ಶಿಕೆ ಮಾಡುವುದು ಹೇಗೆಂದು ಹಿರಿಯ ಅಧ್ಯಾಪಕಿಯೊಬ್ಬರು ಕೇಳಿದಾಗ ಫಾಂಟ್ ಬದಲಾಯಿಸಿ ಎಂಬ ಉತ್ತರ ದೊರೆಯಿತು. ಅವರು ಬದಲಾಯಿಸಿದರು, ಕೆಲಸವಾಯಿತು. ಉತ್ತರ ತಪ್ಪಾಗಿರಲಿಲ್ಲ, ಕೇಳಿದ ಪ್ರಶ್ನೆಗೆ ಅಷ್ಟೇ ಸಾಕಿತ್ತು. ಪಕ್ಕದಲ್ಲಿ ಕುಳಿತಿದ್ದ ನಾನು, ಭಾಷಾವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವನು, ಆಗ ಏನನ್ನೂ ಹೇಳಲಿಲ್ಲ.

ಸಾಮಾನ್ಯವಾಗಿ ಕನ್ನಡ ಅಧ್ಯಾಪಕರಿಗೆ ನಿಜವಾದ ನೆರವು ಸಿಕ್ಕದ್ದು ಶಿಬಿರಗಳಿಂದಲ್ಲ, ವಿಶ್ವವಿದ್ಯಾಲಯದ ಗೇಟಿನ ಎದುರಿನ ಡಿಟಿಪಿ ಅಂಗಡಿಗಳಿಂದ. ಕೈಬರಹದ ಪ್ರಬಂಧವನ್ನು ಅಲ್ಲಿಗೆ ಕೊಟ್ಟು, ಕರಡು ತಿದ್ದಿ, ಮುದ್ರಿತ ಪ್ರತಿ ತರುವುದೇ ರೂಢಿ. ಅಂಗಡಿಯವರಿಗೆ ಬೇಕಾದದ್ದು ಕಾಗದದ ಮೇಲೆ ಅಚ್ಚುಕಟ್ಟಾಗಿ ಕಾಣುವ ಪುಟ. ಕಾಗದವೇ ಗುರಿಯಾಗಿದ್ದಾಗ ಆಕಾರದ ಸಂಕೇತ ಸಂಪೂರ್ಣ ಯಶಸ್ವಿ. ಅದರ ಸೋಲು ಕಾಣಲು ಕಾಗದ ಮಧ್ಯದಿಂದ ಸರಿಯಬೇಕಾಗಿತ್ತು.

ಅದು ಎರಡು ಹಂತಗಳಲ್ಲಿ ಸರಿಯಿತು. 2009ರ ಪಿಎಚ್.ಡಿ. ನಿಯಮಾವಳಿಯ ನಂತರ ಪ್ರಬಂಧಗಳ ವಿದ್ಯುನ್ಮಾನ ಪ್ರತಿಗಳು ಶೋಧಗಂಗಾ ಭಂಡಾರವನ್ನು ಸೇರತೊಡಗಿದವು. ಹಳೆಯ ಸಂಕೇತದಲ್ಲಿ ಸಿದ್ಧವಾದ ಕನ್ನಡ ಪ್ರಬಂಧವನ್ನು ಅಲ್ಲಿ ಓದಬಹುದು, ಏಕೆಂದರೆ ಪಿಡಿಎಫ್ ಕಡತದೊಳಗೆ ಫಾಂಟ್ ಸೇರಿಕೊಂಡಿರುತ್ತದೆ. ಆದರೆ ಅದರೊಳಗೆ ಕನ್ನಡದಲ್ಲಿ ಒಂದು ಪದವನ್ನು ಹುಡುಕಲಾಗದು. ಒಂದು ವಾಕ್ಯವನ್ನು ನಕಲಿಸಿ ಬೇರೆಡೆ ಅಂಟಿಸಿದರೆ ಪೌಂಡ್ ಚಿಹ್ನೆಗಳ ಸಾಲು ಬರುತ್ತದೆ. 2018ರ ಕೃತಿಚೌರ್ಯ ತಡೆ ನಿಯಮಗಳ ಪ್ರಕಾರ ಸಾಮ್ಯತೆಯ ಪರೀಕ್ಷೆ ಅಗತ್ಯವಾದಾಗ ಸಮಸ್ಯೆ ಇನ್ನೊಂದು ಮುಖ ತೋರಿತು: ಒಂದೇ ಪುಟ ಒಂದೆಡೆ ಯುನಿಕೋಡಿನಲ್ಲಿ, ಇನ್ನೊಂದೆಡೆ ಹಳೆಯ ಸಂಕೇತದಲ್ಲಿ ಇದ್ದರೆ ಯಂತ್ರದ ಕಣ್ಣಿಗೆ ಅವೆರಡರ ನಡುವೆ ಸಾಮ್ಯವೇ ಇಲ್ಲ.

ಎರಡನೆಯ ಹಂತ 2020ರ ಮಾರ್ಚ್. ತರಗತಿಗಳು ಒಮ್ಮೆಗೇ ಮುಚ್ಚಿ, ಟಿಪ್ಪಣಿಗಳನ್ನು ವಿದ್ಯಾರ್ಥಿಗಳ ಮೊಬೈಲಿಗೆ ಕಳುಹಿಸಬೇಕಾಗಿ ಬಂದಾಗ ವರ್ಷಗಳ ಶ್ರಮದ ವರ್ಡ್ ಕಡತಗಳು ಆ ಚಿಕ್ಕ ಪರದೆಯ ಮೇಲೆ ಅರ್ಥವಿಲ್ಲದ ಲ್ಯಾಟಿನ್ ಆಗಿ ತೆರೆದುಕೊಂಡವು. ಬಹಳಷ್ಟು ಅಧ್ಯಾಪಕರು ಮುದ್ರಿತ ಪುಟಗಳ ಫೋಟೋ ತೆಗೆದು ಕಳುಹಿಸಿದರು. ಗಣಕದಲ್ಲಿ ಬರೆದು, ಕಾಗದದ ಮೇಲೆ ಮುದ್ರಿಸಿ, ಮತ್ತೆ ಚಿತ್ರವಾಗಿ ಗಣಕಕ್ಕೆ ತಂದದ್ದು. ಮೂರು ದಶಕಗಳ ತರಬೇತಿಯ ಫಲವನ್ನು ಅಳೆಯಲು ಇದಕ್ಕಿಂತ ಕಠಿಣವಾದ ಅಳತೆಗೋಲನ್ನು ನಾನು ಕಂಡಿಲ್ಲ. ಕಡತಗಳನ್ನು ತೆರೆಯಲಾರದೆ ಹೋದ ಹಲವರು ಆ ತಪ್ಪು ತಮ್ಮದೇ, ತಮಗೆ ಗಣಕ ಬಾರದು ಎಂದು ತಿಳಿದರು.

ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟಿನೊಂದಿಗೆ ಯುನಿಕೋಡ್ ಕನ್ನಡ ಬಂದದ್ದು 2001ರಲ್ಲಿ. ಕನ್ನಡ ವಿಕಿಪೀಡಿಯ ಆರಂಭವಾದದ್ದು 2003ರಲ್ಲಿ. ಅಂದರೆ ಸಾಧನವಿದ್ದೂ ಸುಮಾರು ಎರಡು ದಶಕ ಅದು ಅಧ್ಯಾಪಕರ ರೂಢಿಯಾಗಲಿಲ್ಲ. ಮುದ್ರಣಾಲಯಗಳ ಪುಟವಿನ್ಯಾಸ ತಂತ್ರಾಂಶಗಳು ದೀರ್ಘಕಾಲ ಯುನಿಕೋಡ್ ಕನ್ನಡವನ್ನು ಸರಿಯಾಗಿ ಮೂಡಿಸುತ್ತಿರಲಿಲ್ಲ ಎಂಬುದು ಇದಕ್ಕೆ ಒಂದು ಗಟ್ಟಿ ಕಾರಣ. ಇನ್ನೊಂದು ಕಾರಣ, ಎರಡರ ನಡುವಣ ಭೇದವನ್ನು ವಿವರಿಸುವ ಹೊಣೆ ಯಾರಿಗೂ ಇರಲಿಲ್ಲ. ಪರದೆಯ ಮೇಲೆ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ.

ಯುನಿಕೋಡನ್ನು ಮುಕ್ತಿಯೆಂದು ತಿಳಿಯುವುದೂ ಸಲ್ಲದು. ಹಳಗನ್ನಡದ ‘ೞ’ ಅಕ್ಷರಕ್ಕೆ ಯುನಿಕೋಡ್ ಪಟ್ಟಿಯಲ್ಲಿ ದೊರೆತ ಅಧಿಕೃತ ಹೆಸರು ‘ಫ’ ಎಂಬರ್ಥದ್ದು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ತಪ್ಪು ಹೆಸರು ಹಾಗೆಯೇ ಉಳಿದು, ತಿದ್ದುಪಡಿಯ ಅಡ್ಡಹೆಸರೊಂದು ಪಕ್ಕದಲ್ಲಿ ಸೇರಿತು. ನಕಾರಪೊಲ್ಲಿಗೆ ಪ್ರತ್ಯೇಕ ಸ್ಥಾನ ದೊರೆತದ್ದು 2021ರಲ್ಲಿ. ಹಳಗನ್ನಡ ಬಲ್ಲ ಯಾವ ಅಧ್ಯಾಪಕನಾದರೂ ಒಂದು ನಿಮಿಷದಲ್ಲಿ ಹಿಡಿಯಬಹುದಾಗಿದ್ದ ತಪ್ಪು ಮೊದಲನೆಯದು. ಅಧ್ಯಾಪಕರನ್ನು ತಂತ್ರಜ್ಞಾನ ಕಲಿಯಬೇಕಾದವರೆಂದು ಮಾತ್ರ ಕಂಡು, ತಂತ್ರಜ್ಞಾನಕ್ಕೆ ಕಲಿಸಬಲ್ಲವರೆಂದು ಕಾಣದಿದ್ದುದರ ಬೆಲೆ ಇದು.

ಪರಿವರ್ತನೆಯ ಕೆಲಸ

ಕೆಲವು ವರ್ಷಗಳ ಹಿಂದೆ ಹಿರಿಯ ಸಹೋದ್ಯೋಗಿಯೊಬ್ಬರು ನಿವೃತ್ತರಾಗುವಾಗ ಕನ್ನಡ ಉಪಭಾಷೆಗಳ ಕುರಿತ ತಮ್ಮ ಬೋಧನ ಸಾಮಗ್ರಿಯನ್ನು ಒಂದು ಪೆನ್‌ಡ್ರೈವ್‌ನಲ್ಲಿ ನನಗೆ ಒಪ್ಪಿಸಿದರು. ಅವರೇ ಊರೂರು ತಿರುಗಿ ಸಂಗ್ರಹಿಸಿದ ಪದಪಟ್ಟಿಗಳು, ವಾಕ್ಯಗಳು, ಪ್ರತಿ ವಾಕ್ಯಕ್ಕೂ ರೂಪಿಮಾಗಳ ವಿವರಣೆ. ಎಲ್ಲವೂ ಹಳೆಯ ಸಂಕೇತದಲ್ಲಿ. ಪರಿವರ್ತಕ ತಂತ್ರಾಂಶಗಳು ಇವೆ, ಬರಿಯ ಕನ್ನಡ ಗದ್ಯಕ್ಕೆ ಅವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಭಾಷಾವಿಜ್ಞಾನಿಯ ಪುಟ ಬರಿಯ ಕನ್ನಡವಲ್ಲ. ಫಾಂಟಿನ ಮಾಹಿತಿ ಕಳೆದುಹೋದ ಕಡತದಲ್ಲಿ ಯಾವುದು ಇಂಗ್ಲಿಷ್, ಯಾವುದು ಕನ್ನಡ ಎಂದು ಪರಿವರ್ತಕಕ್ಕೆ ತಿಳಿಯದು. ದ್ವಿತೀಯಾ ವಿಭಕ್ತಿಯನ್ನು ಸೂಚಿಸುವ ‘ಎಸಿಸಿ’ ಎಂಬ ಇಂಗ್ಲಿಷ್ ಸಂಕ್ಷೇಪ ಪ್ರತಿ ಸಾಲಿನಲ್ಲಿಯೂ ಅನುಸ್ವಾರವೊಂದು, ಅಕಾರ ಎರಡು ಆಗಿ ಮಾರ್ಪಟ್ಟಿತು.

ಇದನ್ನು ತಿದ್ದಬಹುದು, ತಿದ್ದಿದೆವು. ಹೆಚ್ಚು ತೊಡಕಾದದ್ದು ಧ್ವನಿಲಿಪಿ. ಆ ಕಾಲದಲ್ಲಿ ಅಂತಾರಾಷ್ಟ್ರೀಯ ಧ್ವನಿಲಿಪಿಗೂ ಎಂಟು ಬಿಟ್‌ಗಳ ಫಾಂಟುಗಳೇ ಇದ್ದವು, ಅವೂ ಇದೇ 256 ಸ್ಥಾನಗಳನ್ನು ತಮ್ಮದೇ ರೀತಿಯಲ್ಲಿ ಬಳಸುತ್ತಿದ್ದವು. ಒಂದೇ ಸಂಖ್ಯೆ ಕನ್ನಡ ಫಾಂಟಿನಲ್ಲಿ ಒಂದು ಒತ್ತಕ್ಷರ, ಧ್ವನಿಲಿಪಿಯ ಫಾಂಟಿನಲ್ಲಿ ಒಂದು ಸ್ವರ. ಪದಪಟ್ಟಿಯ ಒಂದು ಅಂಕಣದಲ್ಲಿ ಕನ್ನಡ, ಪಕ್ಕದ ಅಂಕಣದಲ್ಲಿ ಉಚ್ಚಾರಣೆ. ಕಡತವನ್ನು ಎಂದೋ ಸರಳ ಪಠ್ಯವಾಗಿ ಉಳಿಸಿದ್ದರಿಂದ ಅಂಕಣಗಳ ಗಡಿಯೂ ಅಲ್ಲಲ್ಲಿ ಕಲಸಿಹೋಗಿತ್ತು. ಮುದ್ರಿತ ಪ್ರತಿ ಇದ್ದ ಪಟ್ಟಿಗಳನ್ನು ಇಬ್ಬರು ಸಂಶೋಧನ ವಿದ್ಯಾರ್ಥಿಗಳು ಸಾಲುಸಾಲಾಗಿ ಹೋಲಿಸಿ ಸರಿಪಡಿಸಿದರು. ಮುದ್ರಿತ ಪ್ರತಿ ಇಲ್ಲದ ಪಟ್ಟಿಗಳಿಗಾಗಿ ಆ ಹಿರಿಯರನ್ನೇ ಕೇಳಿದೆವು. ಅವರು ಕೆಲವನ್ನು ನೆನಪಿನಿಂದ ಉಚ್ಚರಿಸಿ ತೋರಿಸಿದರು. ಉಳಿದ ಪದಗಳಲ್ಲಿ ಸ್ವರ ಹ್ರಸ್ವವೋ ದೀರ್ಘವೋ, ಮಧ್ಯದ ಆ ಧ್ವನಿ ಯಾವುದೋ ತಮಗೂ ಖಚಿತವಿಲ್ಲವೆಂದರು. ಮಾತನಾಡಿದವರು ಈಗಿಲ್ಲ. ಆ ಸಾಲುಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಮೂಲ ಕಡತದಲ್ಲಿ ಹೇಗಿದ್ದವೋ ಹಾಗೆಯೇ ಉಳಿಸಿದ್ದೇವೆ.